ಲಾವೋತ್ಸೆಯೂ ನಮ್ಮ ಕೆರೆಗಳೂ

ಚೀನದ ಲಾವೋತ್ಸೆಯ ಹೆಸರಿನಲ್ಲಿ ಬಂದಿರುವ ‘ತಾವೊ ತೆ ಚಿಂಗ್’ 81 ಅಧ್ಯಾಯಗಳ ಸಣ್ಣ ಹೊತ್ತಗೆ. ಅದರ ಮುಖ್ಯ ಮಾತು ‘ವೂ ವೇ’. ಇದನ್ನು ‘ಏನನ್ನೂ ಮಾಡದಿರುವುದು’ ಎಂದು ಕನ್ನಡಿಸಿ, ಇದು ಸೋಮಾರಿಗಳ ಮತವೆಂದು ನಗುವವರುಂಟು. ಈ ಅಭಿಪ್ರಾಯ ನನಗೆ ಒಪ್ಪಿಗೆಯಿಲ್ಲ. ವಸ್ತುವಿನ ಸಹಜ ಗತಿಯನ್ನು ಬಲಾತ್ಕರಿಸದೆ ಕೆಲಸ ಮಾಡುವುದೇ ಅದರ ಅರ್ಥ.

ಸಂಶಯವಿದ್ದವರು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಯಾವ ಹಳೆಯ ಕೆರೆಯ ಏರಿಯ ಮೇಲಾದರೂ ನಿಂತು ನೋಡಲಿ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಸೀಮೆ ನಮ್ಮದು. ಹಿಂದಿನವರು ನೀರು ತಾನಾಗಿಯೇ ಇಳಿಯುವ ತಗ್ಗನ್ನು ಗುರುತಿಸಿ ಏರಿ ಹಾಕಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ. ತೂಬೆತ್ತಿ ಗದ್ದೆಗಳಿಗೆ ಹಂಚಲು ನೀರುಗಂಟಿ. ಅವನು ನೀರನ್ನು ಎಳೆಯಲಿಲ್ಲ, ದಾರಿ ಮಾಡಿಕೊಟ್ಟ. ಹಾಗೆಂದು ಸುಮ್ಮನೆ ಕುಳಿತವನೇ? ಹೂಳೆತ್ತುವುದು, ಕಾಲುವೆ ಸವರುವುದು, ಮಳೆಯ ರಾತ್ರಿ ಏರಿ ಕಾಯುವುದು, ಇವೇನು ಸೋಮಾರಿಗಳ ಕೆಲಸವೆ?

ಬಳಿಕ ಕೊಳವೆಬಾವಿ ಬಂದಿತು. ಜನರು 1,000 ಅಡಿ ದಾಟಿ ಕೊರೆಸಿದರು. ಕಾಲುವೆಗಳನ್ನು ಒತ್ತುವರಿ ಮಾಡಿ, ಕೆರೆ ತುಂಬಲಿಲ್ಲವೆಂದು ಮಳೆರಾಯನನ್ನು ಬೈದರು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ, ಪಂಪು ಮಾಡಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಅದರ ಶುದ್ಧಿಯ ಬಗ್ಗೆ ವಿವಾದವಿದೆ; ಅದು ಬೇರೆಯೇ ಲೇಖನಕ್ಕೆ ವಸ್ತು. ಪಂಪಿನಿಂದ ಬಂದ ಆ ನೀರು ಕೂಡ ಕೆರೆಯಿಂದ ಕೆರೆಗೆ ಇಳಿಯುವುದು ಹಳೆಯ ರಾಜಕಾಲುವೆಗಳಲ್ಲೇ. ಹೊಸ ಬಾವಿ ಕೊರೆಸುವ ಮುನ್ನ ಅವುಗಳ ಒತ್ತುವರಿ ತೆರವಾಗಲಿ ಎಂಬುದು ನನ್ನ ಅಭಿಪ್ರಾಯ.