ಬಳಕೆದಾರರ ಖಾತೆಗಳ ನಿರ್ವಹಣೆ: ಆಡಳಿತ ಮಂಡಳಿಯ ಹೊಣೆ

ಕೆಲಸ ಬಿಟ್ಟು ಹೋಗುವ ಉಗ್ರಾಣಪಾಲಕನಿಂದ ಗೋದಾಮಿನ ಬೀಗದ ಕೈಯನ್ನು ಅಂದೇ ಹಿಂಪಡೆಯುವುದು ನಮ್ಮ ವರ್ತಕ ಸಮುದಾಯದಲ್ಲಿ ತಲೆಮಾರುಗಳಿಂದ ನಡೆದುಬಂದ ಶಿಸ್ತು. ಆದರೆ ಅದೇ ನೌಕರನ ಕಂಪ್ಯೂಟರ್ ಖಾತೆಯನ್ನು ಅಂದೇ ಮುಚ್ಚುವ ಶಿಸ್ತು ಎಷ್ಟು ಸಂಸ್ಥೆಗಳಲ್ಲಿದೆ? ಕೆಲವು ವರ್ಷಗಳ ಹಿಂದೆ ನಮ್ಮ ಘಟಕದಲ್ಲಿಯೇ ವೇತನಪಟ್ಟಿಯನ್ನೂ ಸರ್ವರ್‌ನಲ್ಲಿದ್ದ ಬಳಕೆದಾರರ ಪಟ್ಟಿಯನ್ನೂ ಹೋಲಿಸಿ ನೋಡಿದಾಗ, ನಿವೃತ್ತರಾದವರ, ರಾಜೀನಾಮೆ ನೀಡಿದವರ ಹಾಗೂ ತರಬೇತಿಗೆ ಬಂದು ಹೋದವರ ಖಾತೆಗಳು ಇನ್ನೂ ಚಾಲ್ತಿಯಲ್ಲಿದ್ದವು. ದರಪಟ್ಟಿಯ ಕಡತವನ್ನು ತೆರೆಯುವ ಅಧಿಕಾರವೂ ಅವುಗಳಲ್ಲಿ ಕೆಲವಕ್ಕೆ ಇತ್ತು. ತಪ್ಪು ಕಂಪ್ಯೂಟರ್ ವಿಭಾಗದ ಒಬ್ಬ ನೌಕರನದಲ್ಲ. ಪ್ರತಿಯೊಂದು ಖಾತೆಯನ್ನೂ ನೆನಪಿನ ಬಲದ ಮೇಲೆ, ಕೈಯಾರೆ ತೆರೆದು ಮುಚ್ಚುವ ಪದ್ಧತಿಯನ್ನು ಮುಂದುವರಿಸಿದ ಆಡಳಿತದ್ದು.

ಇದರ ಪರಿಹಾರಕ್ಕೆ ಬಹುತೇಕ ಸಂಸ್ಥೆಗಳು ಹೊಸ ತಂತ್ರಾಂಶ ಖರೀದಿಸಬೇಕಾಗಿಲ್ಲ. ವಿಂಡೋಸ್ 2000 ಸರ್ವರ್‌ನೊಡನೆ ಬಂದ ಆಕ್ಟಿವ್ ಡೈರೆಕ್ಟರಿಯನ್ನು ಪವರ್‌ಶೆಲ್ ಆದೇಶಗಳ ಮೂಲಕ ನೇರವಾಗಿ ನಿರ್ವಹಿಸುವ ಸೌಲಭ್ಯ 2009ರಲ್ಲಿ, ವಿಂಡೋಸ್ ಸರ್ವರ್ 2008 ಆರ್2 ಆವೃತ್ತಿಯೊಡನೆ ದೊರೆಯಿತು. ಈ ಆದೇಶಗಳನ್ನು ಕ್ರಮವಾಗಿ ಬರೆದಿಟ್ಟ ಕಡತವೇ ಸ್ಕ್ರಿಪ್ಟ್. ಸಿಬ್ಬಂದಿ ವಿಭಾಗ ನೀಡುವ ಪಟ್ಟಿಯನ್ನು ಅದು ಓದಿಕೊಂಡು ಹೊಸಬರಿಗೆ ಖಾತೆ ತೆರೆಯುತ್ತದೆ, ಅವರನ್ನು ಆಯಾ ವಿಭಾಗದ ಗುಂಪಿಗೆ ಸೇರಿಸುತ್ತದೆ, ಪಟ್ಟಿಯಲ್ಲಿ ಇಲ್ಲದವರ ಖಾತೆಯನ್ನು ಸ್ಥಗಿತಗೊಳಿಸುತ್ತದೆ. 90 ದಿನ ಬಳಕೆಯಾಗದ ಖಾತೆಗಳನ್ನು ಒಂದೇ ಆದೇಶದಿಂದ ಪಟ್ಟಿ ಮಾಡಬಹುದು. ಆದರೆ ಕೊನೆಯ ಬಳಕೆಯ ದಿನಾಂಕ ಎರಡು ವಾರಗಳವರೆಗೆ ಹಿಂದುಳಿದಿರಬಹುದಾದ್ದರಿಂದ ಆ ಪಟ್ಟಿಯನ್ನು ಪರಿಶೀಲನೆಗೆ ಬಳಸಬೇಕೇ ಹೊರತು ಅಂತಿಮ ತೀರ್ಪೆಂದು ಭಾವಿಸಬಾರದು.

ನಲವತ್ತು ಜನರಿರುವ ಸಂಸ್ಥೆಗೆ ಇದೆಲ್ಲ ಏಕೆ ಎಂದು ಕೆಲವರು ಕೇಳಬಹುದು. ಸಣ್ಣ ಸಂಸ್ಥೆಗಳಿಗೇ ಇದರ ಅಗತ್ಯ ಹೆಚ್ಚು. ಅಲ್ಲಿ ಸರ್ವರ್ ಬಲ್ಲವನು ಒಬ್ಬನೇ. ಅವನು ಹೊರಟುಹೋದ ದಿನ ಅವನ ತಿಳಿವಳಿಕೆಯೂ ಹೊರಟುಹೋಗುತ್ತದೆ. ಬರೆದಿಟ್ಟ ಸ್ಕ್ರಿಪ್ಟ್ ಸಂಸ್ಥೆಯ ಆಸ್ತಿಯಾಗಿ ಉಳಿಯುತ್ತದೆ.

ಅಪಾಯವಿಲ್ಲವೆಂದಲ್ಲ. ಅರ್ಧಂಬರ್ಧ ತುಂಬಿದ ವೇತನಪಟ್ಟಿಯನ್ನು ಓದಿದ ಸ್ಕ್ರಿಪ್ಟ್ ಕ್ಷಣಾರ್ಧದಲ್ಲಿ ಇಡೀ ಕಚೇರಿಯ ಕೆಲಸ ನಿಲ್ಲಿಸಬಲ್ಲದು. ಆದುದರಿಂದ ಪವರ್‌ಶೆಲ್‌ನಲ್ಲಿರುವ ‘ವಾಟ್‌ಇಫ್’ ಎಂಬ ಆಯ್ಕೆಯನ್ನು ಬಳಸಿ, ಏನೇನು ಬದಲಾಗಲಿದೆ ಎಂಬುದನ್ನು ಮೊದಲು ನೋಡಿಕೊಳ್ಳತಕ್ಕದ್ದು. ಒಂದೇ ಸಲಕ್ಕೆ ನಿಗದಿತ ಸಂಖ್ಯೆಗಿಂತ ಹೆಚ್ಚು ಖಾತೆಗಳು ಮುಚ್ಚಬೇಕಾಗಿ ಬಂದರೆ ಸ್ಕ್ರಿಪ್ಟ್ ತಾನಾಗಿ ನಿಲ್ಲುವಂತಿರಬೇಕು. ಖಾತೆಯನ್ನು ಒಮ್ಮೆಲೇ ಅಳಿಸದೆ ಸ್ಥಗಿತಗೊಳಿಸುವುದು ಲೇಸು. ಲೆಕ್ಕ ಪರಿಶೋಧಕರು, ತಂತ್ರಾಂಶ ಪೂರೈಕೆದಾರರು, ಬ್ಯಾಕಪ್ ನಡೆಸುವ ಸೇವಾ ಖಾತೆ ಮುಂತಾದವು ವೇತನಪಟ್ಟಿಯಲ್ಲಿ ಇರುವುದಿಲ್ಲ; ಅವುಗಳಿಗೆ ಪ್ರತ್ಯೇಕ ಪಟ್ಟಿಯೂ ಪ್ರತಿಯೊಂದಕ್ಕೂ ಒಬ್ಬ ಹೊಣೆಗಾರನೂ ಅವಶ್ಯ. ಪಾಸ್‌ವರ್ಡನ್ನು ಸ್ಕ್ರಿಪ್ಟ್‌ನೊಳಗೆ ಬರೆದಿಡುವ ಅಭ್ಯಾಸವನ್ನಂತೂ ಸಂಪೂರ್ಣ ಕೈಬಿಡಬೇಕು.

ಕಾನೂನೂ ಈಗ ಬಿಗಿಯಾಗಿದೆ. ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನದಂತೆ ಸೈಬರ್ ಘಟನೆಗಳನ್ನು 6 ಗಂಟೆಗಳೊಳಗೆ ವರದಿ ಮಾಡಬೇಕು, ಲಾಗ್ ದಾಖಲೆಗಳನ್ನು 180 ದಿನ ಕಾಯ್ದಿರಿಸಬೇಕು. ವೈಯಕ್ತಿಕ ದತ್ತಾಂಶದ ರಕ್ಷಣೆಯಲ್ಲಿ ಲೋಪವೆಸಗಿದರೆ ರೂ. 250 ಕೋಟಿಯವರೆಗೆ ದಂಡ ವಿಧಿಸಲು 2023ರ ಅಧಿನಿಯಮದಲ್ಲಿ ಅವಕಾಶವಿದೆ. ಬಿಟ್ಟುಹೋದ ನೌಕರನ ಹೆಸರಿನಲ್ಲಿ ಯಾರೋ ಕಡತ ತೆರೆದರೆಂಬ ಸಮಜಾಯಿಷಿ ಅಲ್ಲಿ ನಮ್ಮನ್ನು ಕಾಪಾಡೀತೆಂದು ನಂಬುವಂತಿಲ್ಲ.

ಸ್ಕ್ರಿಪ್ಟ್ ಬರೆಯುವುದು ತಂತ್ರಜ್ಞರ ಕೆಲಸ. ಅದನ್ನು ಬರೆಯಿಸಿ, ತಿಂಗಳಿಗೊಮ್ಮೆ ಫಲಿತಾಂಶ ಕೇಳುವುದು ಯಜಮಾನರ ಕೆಲಸ. ಸದಸ್ಯ ಬಾಂಧವರು ಮುಂದಿನ ತಿಂಗಳು ವೇತನಪಟ್ಟಿಗೆ ಸಹಿ ಹಾಕುವ ಮುನ್ನ ಸರ್ವರ್‌ನ ಬಳಕೆದಾರರ ಪಟ್ಟಿಯನ್ನೂ ಜೊತೆಗೆ ತರಿಸಿಕೊಂಡು ನೋಡಬೇಕೆಂದು ವಿನಂತಿ.