ಮುಡಿಪು ಕಟ್ಟದೆ ಮುಂದೂಡಿದ ಮುಷ್ಕರ

ನಮ್ಮ ಕಡೆ ಹರಕೆ ಹೊತ್ತವರು ಆ ವರ್ಷ ದೇವರಿಗೆ ಹೋಗಲಾಗದಿದ್ದರೆ ಸುಮ್ಮನೆ ಕೂರುವುದಿಲ್ಲ. ಅರಿಶಿನದ ಬಟ್ಟೆಯಲ್ಲಿ ಒಂದಿಷ್ಟು ದುಡ್ಡು ಕಟ್ಟಿ ಜಗಲಿಯ ಮೇಲೆ ಇಡುತ್ತಾರೆ. ಮುಡಿಪು. ಬೆಳೆ ಕೈಕೊಟ್ಟಿರಲಿ, ಮನೆಯಲ್ಲಿ ಸೂತಕವಿರಲಿ, ಮೈಲಾರಕ್ಕೋ ಜೇಜುರಿಗೋ ಹೋಗುವುದು ಮುಂದಕ್ಕೆ ಹೋಯಿತು ಎಂದರೆ ಆ ಗಂಟು ಕಣ್ಣೆದುರಿಗೇ ಇರುತ್ತದೆ. ದಿನಾ ದೀಪ ಹಚ್ಚುವಾಗ ಬಾಕಿ ಇದೆಯೆಂದು ನೆನಪಿಸುತ್ತದೆ.

ರೈಲ್ವೆ ಕಾರ್ಮಿಕ ಸಂಘಗಳು ‘ಮುಷ್ಕರವನ್ನು ಮುಂದೂಡಲಾಗಿದೆ’ ಎಂದು ಪ್ರಕಟಿಸಿದಾಗಲೆಲ್ಲ ನನಗೆ ಕೇಳಬೇಕೆನಿಸುವುದು ಇಷ್ಟೇ: ಮುಡಿಪು ಎಲ್ಲಿ?

2016ರ ಸಂಗತಿ ನೋಡಿ. ಆ ವರ್ಷದ ಜೂನ್ 29ರಂದು ಕೇಂದ್ರ ಸಂಪುಟ ಏಳನೇ ವೇತನ ಆಯೋಗದ ಶಿಫಾರಸಿಗೆ ಒಪ್ಪಿಗೆ ಕೊಟ್ಟಿತು. ಕನಿಷ್ಠ ಮೂಲವೇತನ 7,000ದಿಂದ 18,000 ರೂಪಾಯಿಗೆ ಏರಿತು. ಸರಕಾರಿ ನೌಕರರಿಗೆ ಹಬ್ಬ ಎಂದು ಟೀವಿಯವರು ಕೂಗಿದ್ದೇ ಕೂಗಿದ್ದು. ಆದರೆ 2016ರ ಜನವರಿ 1ರ ಹೊತ್ತಿಗೆ ತುಟ್ಟಿಭತ್ಯೆ ಶೇ. 125ಕ್ಕೆ ಮುಟ್ಟಿತ್ತು. 7,000ಕ್ಕೆ 8,750 ಸೇರಿಸಿದರೆ 15,750. ಅಂದರೆ ಹಳಿಯ ಮೇಲೆ ಸುತ್ತಿಗೆ ಹಿಡಿದು ನಡೆಯುವ ಟ್ರ್ಯಾಕ್‌ಮನ್ನನಿಗೆ ಆಗಲೇ ಕೈಗೆ ಬರುತ್ತಿದ್ದ ಮೊತ್ತದ ಮೇಲೆ ಸಿಕ್ಕಿದ್ದು 2,250 ರೂಪಾಯಿ, ಶೇ. 14ಕ್ಕಿಂತ ತುಸು ಹೆಚ್ಚು. ಹತ್ತು ವರ್ಷಕ್ಕೊಮ್ಮೆ ಬರುವ ಹಬ್ಬ ಇದು.

ಸಂಘಗಳು ಕೇಳಿದ್ದು 26,000. ತಮಾಷೆಯೆಂದರೆ ಸರಕಾರವೂ ಸಂಘಗಳೂ ಕೈಯಲ್ಲಿ ಹಿಡಿದದ್ದು ಒಂದೇ ಸೂತ್ರ. 1957ರ ಹದಿನೈದನೇ ಭಾರತೀಯ ಕಾರ್ಮಿಕ ಸಮ್ಮೇಳನ ಹಾಕಿಕೊಟ್ಟ ಲೆಕ್ಕ ಅದು: ಒಂದು ಕುಟುಂಬವೆಂದರೆ ಮೂರು ಬಳಕೆಯ ಘಟಕ, ಒಬ್ಬೊಬ್ಬರಿಗೆ ದಿನಕ್ಕೆ 2,700 ಕ್ಯಾಲೊರಿ, ಮನೆಗೆ ವರ್ಷಕ್ಕೆ 72 ಗಜ ಬಟ್ಟೆ, ಮೇಲೆ ಬಾಡಿಗೆ, ಉರುವಲು. ಬೇಳೆ, ತರಕಾರಿ, ಬಾಡಿಗೆಗೆ ಯಾವ ದರ ಹಿಡಿಯಬೇಕು ಎಂಬಲ್ಲಿ ಜಗಳ. ಆಯೋಗದವರು ಬೇಳೆ ತರುವ ಅಂಗಡಿ ಯಾವುದೋ ಗೊತ್ತಾದರೆ ನಾವೂ ಅಲ್ಲಿಗೇ ಹೋಗಬಹುದಿತ್ತು.

ಜುಲೈ 11ರಿಂದ ಅನಿರ್ದಿಷ್ಟ ಮುಷ್ಕರವೆಂದು ನೋಟಿಸು ಹೋಗಿತ್ತು. ಜೂನ್ 30ರಂದು ರಾಜನಾಥ್ ಸಿಂಗ್, ಅರುಣ್ ಜೇಟ್ಲಿ, ಸುರೇಶ್ ಪ್ರಭು ಮುಖಂಡರನ್ನು ಕರೆದು ಮಾತಾಡಿದರು. ಕನಿಷ್ಠ ವೇತನದ ವಿಷಯವನ್ನು ಒಂದು ಸಮಿತಿಗೆ ಒಪ್ಪಿಸುತ್ತೇವೆ, ಇನ್ನು ನಾಲ್ಕು ತಿಂಗಳು ಅಂದರು. ಜುಲೈ 6ರಂದು ಮುಷ್ಕರ ಮುಂದಕ್ಕೆ ಹೋಯಿತು. ನಾಲ್ಕು ತಿಂಗಳು ನವೆಂಬರಿಗೆ ಮುಗಿದವು. 18,000 ಎಂಬ ಅಂಕಿ ಅಲ್ಲಾಡಲಿಲ್ಲ. ಇಂದಿಗೂ ಅದೇ ಇದೆ. ಮುಂದೂಡಿದ ಮುಷ್ಕರವನ್ನು ಯಾರೂ ಮತ್ತೆ ಕೈಗೆತ್ತಿಕೊಳ್ಳಲಿಲ್ಲ, ಕೈಬಿಟ್ಟಿದ್ದೇವೆ ಎಂದು ಹೇಳುವ ಮರ್ಯಾದೆಯನ್ನೂ ತೋರಲಿಲ್ಲ.

ಆ ಜುಲೈಯಲ್ಲಿ ಪುಣೆಯ ನಾವು ಕನ್ನಡಿಗರು ಏನು ಮಾಡುತ್ತಿದ್ದೆವು? ಊರಿಗೆ ಹೋಗುವ ಟಿಕೆಟ್ಟು ಉಳಿಯಿತೆಂದು ಖುಷಿಪಟ್ಟೆವು. ಇದನ್ನು ನಾನು ಚುಚ್ಚುವುದಕ್ಕಾಗಿಯೇ ಬರೆಯುತ್ತಿದ್ದೇನೆ. ರೈಲಿನ ವಿಷಯದಲ್ಲಿ ನಮ್ಮ ಕನ್ನಡ ಅಭಿಮಾನ ಬೋಗಿಯ ಬಾಗಿಲಲ್ಲೇ ನಿಂತುಬಿಟ್ಟಿದೆ. ಕೆಂಗಲ್ ಹನುಮಂತಯ್ಯ, ಟಿ. ಎ. ಪೈ, ಜಾಫರ್ ಷರೀಫ್, ಖರ್ಗೆ, ಸದಾನಂದ ಗೌಡ, ಹೀಗೆ ರೈಲ್ವೆ ಮಂತ್ರಿಗಳಾದ ಕನ್ನಡಿಗರ ಹೆಸರು ನಮಗೆ ಬಾಯಿಪಾಠ. ಅವರೆದುರು ಹೊಸ ರೈಲು ಕೇಳಿದ್ದೇವೆ, ನಿಲುಗಡೆ ಕೇಳಿದ್ದೇವೆ, ಬೋರ್ಡಿನಲ್ಲಿ ಕನ್ನಡ ಕೇಳಿದ್ದೇವೆ. ಹಳಿ ಕಾಯುವವನ ಸಂಬಳ ಕೇಳಿದ್ದು ನನಗೆ ನೆನಪಿಲ್ಲ.

ಜೇಜುರಿ ಸ್ಟೇಷನ್ನು ನಮ್ಮದೇ ದಾರಿಯಲ್ಲಿದೆ. ಹುಬ್ಬಳ್ಳಿ, ಬೆಳಗಾವಿ, ಮೀರಜ್ ದಾಟಿ ಬರುವ ಗಾಡಿ ನೀರಾ, ವಾಲ್ಹೆ ಕಳೆದು ಜೇಜುರಿಗೆ ಬಂದು, ಅಂಬಳೆ, ಶಿಂದವಣೆಯ ಘಾಟಿ ಇಳಿದು ಪುಣೆ ಸೇರುತ್ತದೆ. ಈ ದಾರಿ ಹಾಕಿದ್ದು ಸದರ್ನ್ ಮರಾಠಾ ರೈಲ್ವೆ. ಅದರ ಮುಖ್ಯ ಕಚೇರಿ ಇದ್ದದ್ದು ಧಾರವಾಡದಲ್ಲಿ, ಈಗ ಕರ್ನಾಟಕ ಕಾಲೇಜು ಇರುವ ಕಟ್ಟಡದಲ್ಲಿ. ಮರಾಠಿಗರ ಖಂಡೋಬಾ ನಮ್ಮ ಮೈಲಾರಲಿಂಗ. ಸೋಮವತಿ ಅಮಾವಾಸ್ಯೆಗೆ ಪಲ್ಲಕ್ಕಿ ಕರ್ಹಾ ನದಿಗೆ ಹೊರಟಾಗ ಏಳುಕೋಟಿ ಎಂದು ಕೂಗುವ ಗುಂಪಿನಲ್ಲಿ ನಮ್ಮವರೂ ಇರುತ್ತಾರೆ. ಅರುಣ್ ಕೊಲಟ್ಕರರ ‘ಜೇಜುರಿ’ ಸಂಕಲನ ಕೊನೆಯಾಗುವುದು ಈ ಸ್ಟೇಷನ್ನಿನಲ್ಲೇ. ಪುಸ್ತಕ ಬಂದದ್ದು 1976ರಲ್ಲಿ, ದೇಶದ ಅತಿ ದೊಡ್ಡ ರೈಲ್ವೆ ಮುಷ್ಕರ ನಡೆದ ಎರಡು ವರ್ಷಕ್ಕೆ. ಮುಷ್ಕರದ ಸುಳಿವು ಅದರಲ್ಲಿಲ್ಲ. ಕವಿಗೆ ಅದು ಬೇಕಿರಲಿಲ್ಲ, ಸರಿ. ನಮಗೆ ಬೇಕು.

1974ರ ಆ ಮುಷ್ಕರಕ್ಕೆ ಮುಂದಾಳು ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಮೇ 2ರಂದೇ ಅವರನ್ನು ಲಖನೌದಲ್ಲಿ ಬಂಧಿಸಿದರು. ಮೇ 8ರಂದು ಮುಷ್ಕರ ಶುರುವಾಯಿತು. ಎಂಟು ಗಂಟೆಯ ದುಡಿಮೆ, ಸಾರ್ವಜನಿಕ ಉದ್ಯಮಗಳ ಕಾರ್ಮಿಕರಿಗೆ ಸಮನಾದ ಸಂಬಳ, ಬೋನಸ್ಸು, ಇವು ಬೇಡಿಕೆಗಳು. ಸರಕಾರ ಇದನ್ನು ಯುದ್ಧವೆಂದೇ ಎಣಿಸಿತು. ಸಾವಿರಾರು ಜನ ಜೈಲಿಗೆ ಹೋದರು, ಕೆಲಸ ಕಳೆದುಕೊಂಡರು; ರೈಲ್ವೆ ಕಾಲೊನಿಗಳಿಗೆ ಪೊಲೀಸರು ನುಗ್ಗಿ ಹೆಂಗಸರು ಮಕ್ಕಳನ್ನು ಕ್ವಾರ್ಟರ್ಸಿನಿಂದ ಹೊರಹಾಕಿದರು. ಇಪ್ಪತ್ತು ದಿನ ತಡೆದುಕೊಂಡು ಮೇ 27ರಂದು, ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ ಮುಷ್ಕರ ಹಿಂತೆಗೆದುಕೊಂಡರು. ಸೋಲು ಎಂದರೆ ಅದು.

ಆದರೂ ಆಮೇಲೆ ಏನಾಯಿತು? 1977ರಲ್ಲಿ ಸರಕಾರ ಬದಲಾಗಿ ಮಧು ದಂಡವತೆ ರೈಲ್ವೆ ಮಂತ್ರಿಯಾದಾಗ ವಜಾಗೊಂಡವರನ್ನು ಮರಳಿ ತೆಗೆದುಕೊಂಡರು. 1979ರಲ್ಲಿ ಬೋನಸ್ಸು ಬಂತು. 1965ರ ಬೋನಸ್ ಕಾಯ್ದೆ ರೈಲ್ವೆಯವರನ್ನು ಹೊರಗಿಟ್ಟಿತ್ತು; ಇಪ್ಪತ್ತು ದಿನದ ಆ ಸೋಲು ಇಲ್ಲದಿದ್ದರೆ ಒಳಗೆ ಬರುತ್ತಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನಡೆದು ಸೋತ ಮುಷ್ಕರಕ್ಕೆ ಐದು ವರ್ಷದಲ್ಲಿ ಫಲ ಸಿಕ್ಕಿತು. ನಡೆಯದೆ ಮುಂದೂಡಿದ ಮುಷ್ಕರಕ್ಕೆ ಹತ್ತು ವರ್ಷವಾದರೂ ಏನೂ ಇಲ್ಲ. ಹಾಗೆಂದು ಎಲ್ಲರೂ ಜೈಲಿಗೆ ಹೋಗಿ ಎಂದು ಪುಣೆಯ ಫ್ಲ್ಯಾಟಿನಲ್ಲಿ ಕೂತು ನಾನು ಹೇಳಲಾರೆ. 74ರ ಬೆಲೆ ಕಟ್ಟಿದ ಮನೆಗಳ ಮುಂದೆ ಅಂಥ ಮಾತಾಡುವುದು ಅಸಹ್ಯ. ಹೇಳುವುದು ಇಷ್ಟು: ಮುಷ್ಕರದ ತಾರೀಖು ಎಂಬುದು ಕಾರ್ಮಿಕನ ಗಂಟು, ಅದನ್ನು ಬಿಚ್ಚಿ ಕೊಡುವಾಗ ರಸೀತಿ ಕೇಳಬೇಕು.

ಆ ಬೋನಸ್ಸಿನ ಕತೆಯೂ ಸೊಗಸಾಗಿದೆ. ಪ್ರತಿ ದಸರೆಗೆ 78 ದಿನದ ಬೋನಸ್ಸು ಎಂಬ ಸುದ್ದಿ ಓದುತ್ತೀರಲ್ಲ, ಅದರ ಗರಿಷ್ಠ ಮೊತ್ತ 17,951 ರೂಪಾಯಿ. ಹೇಗೆ? ತಿಂಗಳಿಗೆ 7,000 ಎಂಬ ಮಿತಿ ಹಾಕಿ ಲೆಕ್ಕ ಮಾಡುತ್ತಾರೆ. ಆಯೋಗ 2016ರಲ್ಲಿ ಅಳಿಸಿಹಾಕಿದ ಆ 7,000 ಬೋನಸ್ಸಿನ ಕಡತದಲ್ಲಿ ಇನ್ನೂ ಬದುಕಿದೆ. ಕೆಲಸಕ್ಕೆ ಸೇರಿದ ಮೊದಲ ದಿನವೇ 18,000 ಪಡೆಯುವವನಿಗೂ ಬೋನಸ್ಸು ಏಳು ಸಾವಿರದವನದು.

ನನ್ನ ವಾದಕ್ಕೆ ಸಂಘದವರು ಕೊಡುವ ಉತ್ತರ ನನಗೆ ಗೊತ್ತಿದೆ: ಪಿಂಚಣಿ. 2004ರ ಜನವರಿಯಿಂದ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ. ಅದಕ್ಕಾಗಿ 2023ರ ನವೆಂಬರಿನಲ್ಲಿ ಗುಪ್ತ ಮತದಾನ ನಡೆಸಿದರು, 2024ರ ಮೇ 1ರಿಂದ ಮುಷ್ಕರವೆಂದರು. ಅದೂ ನಡೆಯಲಿಲ್ಲ. ಆಗಸ್ಟ್ 24ರಂದು ಸಂಪುಟ ಏಕೀಕೃತ ಪಿಂಚಣಿ ಯೋಜನೆಗೆ ಒಪ್ಪಿತು. ಇಪ್ಪತ್ತೈದು ವರ್ಷ ದುಡಿದವರಿಗೆ ಕೊನೆಯ ಹನ್ನೆರಡು ತಿಂಗಳ ಸರಾಸರಿ ಮೂಲವೇತನದ ಅರ್ಧ. ಇದು ಏನೂ ಅಲ್ಲ ಎಂದರೆ ನಾನು ಸುಳ್ಳುಗಾರನಾಗುತ್ತೇನೆ. ಆದರೆ ಕೇಳಿದ್ದು ಹಳೆಯ ಪಿಂಚಣಿ, ಸಿಕ್ಕಿದ್ದರಲ್ಲಿ ನೌಕರನ ಶೇ. 10ರ ಕಡಿತ ಹಾಗೇ ಉಳಿಯಿತು. ನಡುವಿನ ಈ ಅಂತರಕ್ಕೆ ಒಪ್ಪಿದವರು ಯಾರು? ಮುಷ್ಕರಕ್ಕೆ ಹೌದೆಂದು ಮತ ಹಾಕಿದವರನ್ನು ನಿಲ್ಲಿಸುವಾಗ ಯಾರೂ ಕೇಳಲಿಲ್ಲ.

ಇನ್ನೊಂದು ಮಾತು, ಇದು ನನ್ನನ್ನು ಹೆಚ್ಚು ಕೊರೆಯುವುದು. ಹೋದ ಬೇಸಿಗೆ ಜೇಜುರಿಯಿಂದ ಬರುವಾಗ ಗಾಡಿ ಘಾಟಿಯಲ್ಲಿ ಸಿಗ್ನಲ್ಲಿಗೆ ನಿಂತಿತು. ಕೆಳಗೆ ಹಳಿಯ ಬದಿಗೆ ಜಲ್ಲಿ ತುಂಬುತ್ತಿದ್ದ ಗುಂಪಿನಿಂದ ಕಲಬುರಗಿ ಕಡೆಯ ಕನ್ನಡ ಕೇಳಿಸಿತು. ಮಾತಾಡಿಸಿದೆ. ಗುತ್ತಿಗೆದಾರನ ಕಡೆಯವರು, ದಿನಗೂಲಿ. “ನಮಗ್ಯಾವ ಸಂಘರೀ, ಮುಕಾದಮ್ ಹೇಳಿದ್ದ ಸಂಘ” ಎಂದಳು ಒಬ್ಬಳು ಬುಟ್ಟಿ ಇಳಿಸದೆಯೇ. 18,000ವೋ 26,000ವೋ ಎಂಬ ಜಗಳದಲ್ಲಿ ಇವರಿಲ್ಲ. 78 ದಿನದಲ್ಲೂ ಇಲ್ಲ. ಕಾಯಂ ನೌಕರರ ಸಂಘ ಮುಷ್ಕರ ಹೂಡಲು ಅಂಜುವುದಕ್ಕೆ ಇವರೂ ಒಂದು ಕಾರಣ ಎಂದು ನನಗನಿಸುತ್ತದೆ: ಪಕ್ಕದಲ್ಲೇ ಸುತ್ತಿಗೆ ಎತ್ತಲು ಇನ್ನೊಬ್ಬರನ್ನು ಕಡಿಮೆ ಕೂಲಿಗೆ ಕರೆತಂದು ನಿಲ್ಲಿಸಿರುವಾಗ ಸುತ್ತಿಗೆ ಕೆಳಗಿಡುವ ಧೈರ್ಯ ಎಲ್ಲಿಂದ ಬರಬೇಕು? ಇವರನ್ನು ಬೇಡಿಕೆಯ ಪಟ್ಟಿಯ ಹತ್ತನೆಯದೋ ಹನ್ನೊಂದನೆಯದೋ ಸಾಲಿನಲ್ಲಿ ಇಟ್ಟು ಮರೆಯುವವರೆಗೆ ಸಂಘದ ಬೆದರಿಕೆಗೆ ತೂಕ ಬರುವುದಿಲ್ಲ.

ಈಗ ಎಂಟನೇ ಆಯೋಗ ಕೂತಿದೆ. 2025ರ ಅಕ್ಟೋಬರಿನಲ್ಲಿ ಅದರ ಕಾರ್ಯವ್ಯಾಪ್ತಿಗೆ ಒಪ್ಪಿಗೆ ಸಿಕ್ಕಿತು, ವರದಿಗೆ ಹದಿನೆಂಟು ತಿಂಗಳು. ಮುಂದಿನ ತಿಂಗಳೇ ಹೊಸ ಕಾರ್ಮಿಕ ಸಂಹಿತೆಗಳೂ ಜಾರಿಗೆ ಬಂದವು. ಅರ್ಧದಷ್ಟು ಜನ ಒಟ್ಟಿಗೆ ರಜೆ ಹಾಕಿದರೂ ಅದನ್ನು ಮುಷ್ಕರವೆಂದೇ ಎಣಿಸುತ್ತಾರಂತೆ. ಮತ್ತೆ ಬೇಳೆಯ ದರದ ಜಗಳ ಬರುತ್ತದೆ, ನೋಟಿಸು ಹೋಗುತ್ತದೆ, ಮೂವರು ಮಂತ್ರಿಗಳು ಚಹಾಕ್ಕೆ ಕರೆಯುತ್ತಾರೆ. ಆಗ ಸಂಘದವರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಭರವಸೆ ಬರಹದಲ್ಲಿರಲಿ, ಅದರ ಕೆಳಗೆ ತಾರೀಖು ಇರಲಿ, ಆ ತಾರೀಖು ದಾಟಿದರೆ ಮುಷ್ಕರ ತಾನಾಗಿಯೇ ಶುರುವಾಗುವಂತಿರಲಿ. ಮುಷ್ಕರ ಬೇಕೇ ಎಂದು ಗುಪ್ತ ಮತ ಕೇಳುವ ಸಂಘ, ನಿಲ್ಲಿಸಲೇ ಎಂದು ಕೇಳಲೂ ಅದೇ ಪೆಟ್ಟಿಗೆಯನ್ನು ಜೇಜುರಿಯಂಥ ಸಣ್ಣ ಸ್ಟೇಷನ್ನಿನ ಗ್ಯಾಂಗಿನವರೆಗೂ ಹೊತ್ತು ತರಲಿ.