ಸೂಪರ್‌ನೋವಾ ನಮಗೇನೂ ಸಾಲ ಉಳಿಸಿಕೊಂಡಿಲ್ಲ

ಚಳಿಗಾಲ ಬಂತೆಂದರೆ ರೀಲ್ಸ್‌ನಲ್ಲಿ ಬೀಟಲ್‌ಜ್ಯೂಸ್ ಸೀಸನ್ ಶುರು. ನಮ್ಮ ಅಜ್ಜಂದಿರು ಆರಿದ್ರಾ ಮಳೆ ಅಂತ ಲೆಕ್ಕ ಹಾಕುತ್ತಿದ್ದರಲ್ಲ, ಅದೇ ಆರ್ದ್ರಾ ನಕ್ಷತ್ರ. "ನಮ್ಮ ಗ್ಯಾಲಕ್ಸಿಯಲ್ಲಿ ನಾನೂರು ವರ್ಷದಿಂದ ಒಂದೂ ಸೂಪರ್‌ನೋವಾ ಆಗಿಲ್ಲ, ಇನ್ನು ಆಗಲೇಬೇಕು" ಅನ್ನೋ ಫಾರ್ವರ್ಡ್ ಹಾಸ್ಟೆಲ್ ಗ್ರೂಪಿಗೂ ಬರುತ್ತೆ. ನನ್ನ ಪ್ರಕಾರ ಇದರಲ್ಲಿ "ಆಗಿಲ್ಲ" ಅನ್ನೋದೂ ತಪ್ಪು, "ಆಗಲೇಬೇಕು" ಅನ್ನೋದೂ ತಪ್ಪು.

ಮೊದಲು "ಆಗಿಲ್ಲ" ನೋಡೋಣ. ಕ್ಷೀರಪಥದಲ್ಲಿ ಶತಮಾನಕ್ಕೆ ಸರಾಸರಿ ಒಂದೆರಡು ಸೂಪರ್‌ನೋವಾ ಆಗುತ್ತವೆ ಅನ್ನೋದು ಖಗೋಳ ವಿಜ್ಞಾನಿಗಳ ಅಂದಾಜು. ಅಂದರೆ ಸಾವಿರ ವರ್ಷಕ್ಕೆ ಹತ್ತರಿಂದ ಇಪ್ಪತ್ತು. ಆದರೆ ಕಳೆದ ಸಾವಿರ ವರ್ಷದಲ್ಲಿ ಜನ ಬರಿಗಣ್ಣಲ್ಲಿ ಕಂಡಿದ್ದು ಖಚಿತವಾಗಿ ಗೊತ್ತಿರೋದು ಐದೇ: 1006, 1054, 1181, 1572, 1604. ಉಳಿದವು ಎಲ್ಲಿ ಹೋದವು? ನಾವು ಇರೋದು ಗ್ಯಾಲಕ್ಸಿಯ ತಟ್ಟೆಯೊಳಗೆ. ಅಲ್ಲಿರೋ ಧೂಳು ದೂರದ ಬೆಳಕನ್ನ ನುಂಗಿಬಿಡುತ್ತೆ. ಗ್ಯಾಲಕ್ಸಿಯ ಕೇಂದ್ರದ ಹತ್ತಿರ ಸಿಡಿದ ಒಂದರ ಬೆಳಕು ಭೂಮಿ ಕಡೆ ಬಂದಿದ್ದು ಸುಮಾರು 1900ರಲ್ಲಿ. ಆಗ ಯಾರಿಗೂ ಕಾಣಲಿಲ್ಲ. ಅದರ ವಯಸ್ಸು ಅಷ್ಟು ಕಮ್ಮಿ ಅಂತ ಗೊತ್ತಾಗಿದ್ದು 2008ರಲ್ಲಿ, ರೇಡಿಯೋ ಮತ್ತು ಎಕ್ಸ್‌ರೇ ಟೆಲಿಸ್ಕೋಪ್‌ಗಳಿಂದ.

ಇನ್ನು "ಆಗಲೇಬೇಕು". ಪಾಯ್ಸಾನ್ ಡಿಸ್ಟ್ರಿಬ್ಯೂಷನ್ ಅಂತ ಮಾರ್ಕಿಗೋಸ್ಕರ ಓದಿ ಮರೆತುಬಿಡುತ್ತೇವಲ್ಲ, ಅದು ಕೆಲಸಕ್ಕೆ ಬರೋದು ಇಲ್ಲೇ. ಸಾವಿರ ವರ್ಷಕ್ಕೆ ಐದು ಕಾಣುತ್ತವೆ ಅಂದರೆ 420 ವರ್ಷಕ್ಕೆ ಸರಾಸರಿ 2.1. ಅಷ್ಟು ಕಾಲದಲ್ಲಿ ಒಂದೂ ಕಾಣದಿರುವ ಸಂಭವ ಸುಮಾರು ಶೇ. 12. ಕಮ್ಮಿ ಹೌದು, ಆದರೆ ಪವಾಡವೇನಲ್ಲ. ಇಷ್ಟು ದಿನ ಕಾದಿದ್ದೇವೆ ಅಂತ ನಾಳೆಯ ಸಂಭವ ಒಂದು ಚೂರೂ ಜಾಸ್ತಿ ಆಗಲ್ಲ. ನಕ್ಷತ್ರಗಳು ಟೈಮ್‌ಟೇಬಲ್ ಹಾಕ್ಕೊಂಡು ಸಿಡಿಯಲ್ಲ. ಬೀಟಲ್‌ಜ್ಯೂಸ್ ಸಿಡಿಯೋದು ಖಂಡಿತ, ಆದರೆ ಅದಕ್ಕೆ ಒಂದು ಲಕ್ಷ ವರ್ಷವೂ ಹಿಡಿಯಬಹುದು. 2019-20ರಲ್ಲಿ ಅದು ಮಂಕಾಗಿದ್ದಕ್ಕೆ ಮುಖ್ಯ ಕಾರಣ ಅದೇ ಉಗುಳಿದ ಧೂಳು.

ಹಾಗಾದರೆ ಎಲ್ಲಿ ನೋಡಬೇಕು? ಸೂರ್ಯನ ಎಂಟು ಪಟ್ಟಿಗಿಂತ ಭಾರದ ನಕ್ಷತ್ರಗಳು ಕೆಲವು ಕೋಟಿ ವರ್ಷದೊಳಗೇ ಸಾಯುತ್ತವೆ. ಹುಟ್ಟಿದ ಜಾಗದಿಂದ ದೂರ ಹೋಗೋಕೂ ಪುರುಸೊತ್ತಿಲ್ಲ. ಅದಕ್ಕೇ ಅವು ಸಿಡಿಯೋದು ಹೊಸ ನಕ್ಷತ್ರ ಹುಟ್ಟೋ ಸುರುಳಿ ತೋಳುಗಳಲ್ಲಿ. ಎನ್‌ಜಿಸಿ 6946 ಅನ್ನೋ ಒಂದೇ ಗ್ಯಾಲಕ್ಸಿಯಲ್ಲಿ 1917ರಿಂದ 2017ರೊಳಗೆ ಹತ್ತು ಸಿಕ್ಕಿವೆ. ಶ್ವೇತಕುಬ್ಜಗಳು ಸಿಡಿಯೋ ಇನ್ನೊಂದು ಬಗೆ ಮಾತ್ರ, ಹೊಸ ನಕ್ಷತ್ರ ಹುಟ್ಟೋದು ಹೆಚ್ಚುಕಮ್ಮಿ ನಿಂತುಹೋದ ಮುದಿ ಗ್ಯಾಲಕ್ಸಿಗಳಲ್ಲೂ ಕಾಣುತ್ತೆ. ಇಡೀ ವಿಶ್ವದ ಲೆಕ್ಕ ತಗೊಂಡರೆ ಸೆಕೆಂಡಿಗೆ ಒಂದಾದರೂ ಎಲ್ಲೋ ಸಿಡಿಯುತ್ತಿರುತ್ತೆ.

ಯಾವಾಗ ಅಂತ ಹೇಳೋಕಾಗದ ಘಟನೆಗೆ ಬೇಕಾಗಿರೋದು ಭವಿಷ್ಯ ಹೇಳೋರಲ್ಲ, ಯಂತ್ರವನ್ನ ಸದಾ ಚಾಲೂ ಇಡೋರು. 1987ರ ಫೆಬ್ರವರಿಯಲ್ಲಿ ಪಕ್ಕದ ಪುಟ್ಟ ಗ್ಯಾಲಕ್ಸಿಯಲ್ಲಿ ಒಂದು ಸಿಡಿದಾಗ, ಬೆಳಕಿಗಿಂತ ಕೆಲವು ಗಂಟೆ ಮೊದಲೇ ನ್ಯೂಟ್ರಿನೋಗಳು ಬಂದವು. ಮೂರು ಡಿಟೆಕ್ಟರ್‌ಗಳಲ್ಲಿ ಒಟ್ಟು ಸುಮಾರು ಎರಡು ಡಜನ್ ಸಿಕ್ಕವು, ಅಷ್ಟೇ. ಅವುಗಳಲ್ಲೊಂದು ಜಪಾನಿನ ಕಮಿಯೋಕಾಂಡೆ. ಅದನ್ನ ಕಟ್ಟಿದ್ದು ಪ್ರೋಟಾನ್ ಕ್ಷಯ ಹುಡುಕೋಕೆ. ಆ ಹೊತ್ತಲ್ಲಿ ಆನ್ ಇತ್ತು, ಅದೇ ದೊಡ್ಡದು. ಆದರೆ ಅದರ ಗಡಿಯಾರದಲ್ಲಿ ಒಂದು ನಿಮಿಷದಷ್ಟು ಅನಿಶ್ಚಿತತೆ ಇತ್ತು, ಹಾಗಾಗಿ ಬೇರೆ ಡಿಟೆಕ್ಟರ್‌ಗಳ ಸಮಯದ ಜೊತೆ ಕರಾರುವಾಕ್ಕಾಗಿ ತಾಳೆ ಹಾಕೋಕಾಗಲಿಲ್ಲ. ಶತಮಾನದ ಡೇಟಾ, ಸರಿಮಾಡದ ಗಡಿಯಾರ!

ಗಡಿಯಾರ, ಪಂಪು, ಸೆನ್ಸರ್, ಸಾಫ್ಟ್‌ವೇರ್ ಇವೆಲ್ಲ ನಮ್ಮಂಥೋರ ಕೆಲಸ. ಲಡಾಖಿನ ಹಾನ್ಲೆಯಲ್ಲಿರೋ ಎರಡು ಮೀಟರ್ ಟೆಲಿಸ್ಕೋಪ್ ಎಷ್ಟೋ ಸೂಪರ್‌ನೋವಾಗಳನ್ನ ನೋಡಿದೆ. ಅದನ್ನ ಉಪಗ್ರಹ ಸಂಪರ್ಕದ ಮೂಲಕ ನಡೆಸೋದು ಇಲ್ಲೇ ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ. ಸರ್ಕ್ಯೂಟ್, ಕೋಡ್ ಗೊತ್ತಿರೋರಿಗೆ ಖಗೋಳ ವಿಜ್ಞಾನದಲ್ಲಿ ಕೆಲಸವಿಲ್ಲ ಅಂದುಕೊಂಡಿರೋ ಗೆಳೆಯರು ಇದನ್ನೊಮ್ಮೆ ಯೋಚಿಸಿ. ಮುಂದಿನ ಸಲ ಆ ಫಾರ್ವರ್ಡ್ ಬಂದರೆ, "ಯಾವಾಗ?" ಅಂತ ಕೇಳೋ ಬದಲು "ನಮ್ಮ ಡಿಟೆಕ್ಟರ್‌ಗಳು ಆನ್ ಇವೆಯಾ?" ಅಂತ ಕೇಳಿ.